ತರಗತಿಯ ತಂತ್ರಜ್ಞಾನ ಮತ್ತು ಪಾಠದ ಕರ್ತೃತ್ವ

ಉಪಗ್ರಹದ ಮೂಲಕ ಹಳ್ಳಿಗಳಿಗೆ ಬೋಧನೆಯನ್ನು ತಲುಪಿಸುವ ‘ಸೈಟ್’ ಎಂಬ ದೂರದರ್ಶನ ಪ್ರಯೋಗವು 1975ರ ಆಗಸ್ಟ್ 1ರಂದು ಆರಂಭವಾಗಿ ಮರುವರ್ಷದ ಜುಲೈ 31ಕ್ಕೆ ಮುಗಿಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಇಸ್ರೋ ನಡೆಸಿದ ಈ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಅವುಗಳಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಗಿನ ಪ್ರಸಾರ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮೀಸಲಾಗಿದ್ದು, ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಿಗೂ ಇಪ್ಪತ್ತೆರಡೂವರೆ ನಿಮಿಷಗಳಂತೆ ಹಂಚಿಕೆಯಾಗಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ ಎಂಬುದನ್ನು ನೆನೆದರೆ, ರಾಜಧಾನಿಯ ಮಕ್ಕಳಿಗಿಂತ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಕೆಲವು ಹಳ್ಳಿಯ ಮಕ್ಕಳು ಶಾಲೆಯಲ್ಲಿ ಕನ್ನಡದ ಟಿ.ವಿ. ಪಾಠ ನೋಡಿದ್ದರು ಎಂಬ ಸಂಗತಿ ಸ್ಪಷ್ಟವಾಗುತ್ತದೆ. ಹಿಂದುಳಿದ ಪ್ರದೇಶಗಳಿಗೆ ತಂತ್ರಜ್ಞಾನ ಯಾವಾಗಲೂ ತಡವಾಗಿಯೇ ಬರುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ಒಂದು ಅಪವಾದ.

ಸೈಟ್ ಕುರಿತ ಬರಹಗಳಲ್ಲಿ ಉಪಗ್ರಹದ ಕಥೆ ಹೆಚ್ಚು, ಶಿಕ್ಷಕರ ಕಥೆ ಕಡಿಮೆ. ಆದರೆ ಆ ಒಂದು ವರ್ಷದೊಳಗೆ ಪ್ರಾಥಮಿಕ ಶಾಲೆಯ ಸುಮಾರು ಅರ್ಧ ಲಕ್ಷ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿ ನೀಡಲಾಯಿತು. ಈ ತರಬೇತಿ ಟಿ.ವಿ. ಪರದೆಯ ಮುಂದೆ ಕೂರಿಸಿ ಮುಗಿಸುವಂಥದ್ದಾಗಿರಲಿಲ್ಲ. ದೂರದರ್ಶನದ ಕಾರ್ಯಕ್ರಮದ ಜೊತೆಗೆ ರೇಡಿಯೋ, ಮುದ್ರಿತ ಪಾಠಗಳು ಮತ್ತು ಸ್ಥಳೀಯ ಕೇಂದ್ರದಲ್ಲಿ ಶಿಕ್ಷಕರು ತಾವೇ ಕೈಯಾರೆ ಮಾಡಿ ನೋಡಬೇಕಾದ ಪ್ರಯೋಗಗಳು, ಇವೆಲ್ಲವನ್ನೂ ಹೆಣೆದ ಒಂದು ಕಟ್ಟನ್ನು ಎನ್‌ಸಿಇಆರ್‌ಟಿ ಸಿದ್ಧಪಡಿಸಿತ್ತು. ಪರದೆಯೊಂದೇ ಶಿಕ್ಷಕರನ್ನು ತಯಾರು ಮಾಡಲಾರದೆಂಬ ತಿಳಿವಳಿಕೆ ಐವತ್ತು ವರ್ಷಗಳ ಹಿಂದೆಯೇ ಇತ್ತು. ಉಪಗ್ರಹ ಮರಳಿದ ಮೇಲೆ ನೇರ ಪ್ರಸಾರ ನಿಂತಿತು. 1977ರಲ್ಲಿ ಗುಲ್ಬರ್ಗಾಕ್ಕೆ ಭೂಪ್ರಸಾರ ಕೇಂದ್ರವೊಂದು ಬಂದು ಹಳ್ಳಿಯ ಟಿ.ವಿ.ಗಳು ಕೆಲಕಾಲ ಮತ್ತೆ ಬೆಳಗಿದವು. ಬೋಧನೆಯ ಸಾಧನಗಳು ಹೀಗೆ ಬಂದು ಹೋಗುತ್ತಿರುವಾಗ ಶಿಕ್ಷಕರ ಕೈಯಲ್ಲಿ ಉಳಿದದ್ದೇನು ಎಂಬ ಪ್ರಶ್ನೆಯನ್ನು ಅನಂತರದ ಯೋಜನೆಗಳು ಗಂಭೀರವಾಗಿ ಕೇಳಿಕೊಳ್ಳಲಿಲ್ಲ.

ಈ ಉಪನ್ಯಾಸದ ವಾದ ಆ ಪ್ರಶ್ನೆಯ ಸುತ್ತಲಿನದು. ಶಾಲೆಗೆ ಬರುವ ಯಾವುದೇ ಉಪಕರಣದ ಯಶಸ್ಸು ಅದರ ಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಪಾಠದ ಕರ್ತೃತ್ವ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಕರ್ತೃತ್ವವೆಂದರೆ ಇಲ್ಲಿ ಪಾಠವನ್ನು ಯೋಜಿಸುವ, ತಿದ್ದುವ, ತನ್ನ ಮಕ್ಕಳಿಗೆ ತಕ್ಕಂತೆ ಬದಲಿಸುವ, ಅಗತ್ಯ ಬಿದ್ದರೆ ಯಂತ್ರವನ್ನು ಆರಿಸಿ ಬದಿಗಿಡುವ ಅಧಿಕಾರ ಮತ್ತು ಸಾಮರ್ಥ್ಯ. ಶಿಕ್ಷಕರನ್ನು ಕೇವಲ ಸ್ವೀಕರಿಸುವವರನ್ನಾಗಿ ಕಂಡ ಯೋಜನೆಗಳು ಹಣ ಮುಗಿದೊಡನೆ ಮುಗಿದಿವೆ; ಶಿಕ್ಷಕರು ತಾವೇ ಕಟ್ಟಿದವು, ಬಡ ಸಾಮಗ್ರಿಯಲ್ಲಿ ಕಟ್ಟಿದ್ದರೂ, ಬಹುಕಾಲ ಬಾಳಿವೆ.

ಎರಡನೆಯದಕ್ಕೆ ಕರ್ನಾಟಕದಲ್ಲೇ ಸಿಗುವ ಉತ್ತಮ ಉದಾಹರಣೆ ನಲಿ-ಕಲಿ. ತಂತ್ರಜ್ಞಾನವೆಂದರೆ ವಿದ್ಯುತ್ತಿನಿಂದ ನಡೆಯುವುದಷ್ಟೇ ಅಲ್ಲ, ಒಂದು ಕೆಲಸವನ್ನು ಕ್ರಮಬದ್ಧವಾಗಿ ಮಾಡಲು ಮನುಷ್ಯ ರೂಪಿಸಿಕೊಂಡ ವಿಧಾನ ಮತ್ತು ಸಾಧನಗಳೆಲ್ಲವೂ ಅದರೊಳಗೆ ಸೇರುತ್ತವೆ ಎಂಬ ವಿಶಾಲ ಅರ್ಥದಲ್ಲಿ ನಲಿ-ಕಲಿಯೂ ಒಂದು ತಂತ್ರಜ್ಞಾನವೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಮೊದಲುಗೊಂಡಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದು, ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ತಾವೇ ಕನ್ನಡದಲ್ಲಿ ರಚಿಸಿದರು. ಒಂದೇ ಕೋಣೆಯಲ್ಲಿ ಹಲವು ತರಗತಿಯ ಮಕ್ಕಳು ಕೂತಿರುವಾಗ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಏಣಿಯ ಒಂದೊಂದು ಮೆಟ್ಟಿಲನ್ನು ಏರುವುದು, ಲಾಂಛನವಿರುವ ಕಾರ್ಡನ್ನು ತಾನೇ ತೆಗೆದುಕೊಳ್ಳುವುದು, ಶಿಕ್ಷಕರ ನೆರವು ಎಷ್ಟು ಬೇಕೆಂಬುದಕ್ಕೆ ತಕ್ಕಂತೆ ಗುಂಪಿನಲ್ಲಿ ಕೂರುವುದು, ಇದು ಅದರ ಕ್ರಮ. ಇಂದು ಕಂಪ್ಯೂಟರ್ ತಂತ್ರಾಂಶಗಳು ‘ಹೊಂದಿಕೊಳ್ಳುವ ಕಲಿಕೆ’ ಎಂಬ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ಇದನ್ನೇ. 2009-10ರ ಹೊತ್ತಿಗೆ ರಾಜ್ಯದಾದ್ಯಂತ ವಿಸ್ತರಿಸಿದಾಗ ನಲಿ-ಕಲಿ ತನ್ನ ಮೊದಲ ಕಸುವನ್ನು ಒಂದಿಷ್ಟು ಕಳೆದುಕೊಂಡಿತೆಂಬ ಟೀಕೆಯಿದೆ, ಆ ಟೀಕೆಯಲ್ಲಿ ಹುರುಳೂ ಇದೆ. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ತಾವು ಬರೆದ ಕಾರ್ಡಾಗಿದ್ದದ್ದು ಉಳಿದವರಿಗೆ ಮೇಲಿನಿಂದ ಬಂದ ಕಾರ್ಡಾಯಿತು.

ಕಂಪ್ಯೂಟರಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ದೇಶದ 248 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳು ಬಂದವು. ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಪ್ರಯತ್ನವಾಗಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಮೊದಲಾಗಿ, ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳು ಸಿದ್ಧವಾದವು. ಅನಂತರ ಕೇಂದ್ರದ ನೆರವಿನ ‘ಐಸಿಟಿ@ಶಾಲೆ’ ಹಂತಗಳು ಬಂದವು. ಇವುಗಳಲ್ಲಿ ಬಳಕೆಯಾದ ‘ಬೂಟ್’ ಎಂಬ ಮಾದರಿಯನ್ನು ಇಲ್ಲಿ ವಿವರಿಸುವುದು ಅಗತ್ಯ: ಖಾಸಗಿ ಸಂಸ್ಥೆಯೊಂದು ಕೊಠಡಿಯನ್ನು ಸಜ್ಜುಗೊಳಿಸಿ, ಉಪಕರಣಗಳ ಒಡೆತನವನ್ನು ಕೆಲವು ವರ್ಷ ತಾನೇ ಇಟ್ಟುಕೊಂಡು, ತನ್ನ ಬೋಧಕನಿಂದಲೇ ಕಂಪ್ಯೂಟರ್ ಪಾಠ ಮಾಡಿಸಿ, ಒಪ್ಪಂದದ ಅವಧಿ ಮುಗಿದ ಮೇಲೆ ಯಂತ್ರಗಳನ್ನು ಶಾಲೆಗೆ ಬಿಟ್ಟುಕೊಡುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಅಚ್ಚುಕಟ್ಟು. ಆದರೆ ಬೋಧಕ ಹೊರಗಿನವನಾದ್ದರಿಂದ ಗಣಿತದ ಶಿಕ್ಷಕರಿಗಾಗಲಿ ಸಮಾಜ ವಿಜ್ಞಾನದ ಶಿಕ್ಷಕರಿಗಾಗಲಿ ಆ ಕೊಠಡಿಯ ಜೊತೆ ಯಾವ ಸಂಬಂಧವೂ ಏರ್ಪಡಲಿಲ್ಲ. ಕಂಪ್ಯೂಟರ್ ಎಂಬುದು ವೇಳಾಪಟ್ಟಿಯಲ್ಲಿ ಮತ್ತೊಂದು ವಿಷಯವಾಯಿತೇ ಹೊರತು ಉಳಿದ ವಿಷಯಗಳ ಸಾಧನವಾಗಲಿಲ್ಲ. ಅವಧಿ ಮುಗಿದು ಬೋಧಕ ಹೊರಟಾಗ ಐದು ವರ್ಷ ಹಳೆಯ ಯಂತ್ರಗಳು, ಸತ್ತ ಯುಪಿಎಸ್ ಬ್ಯಾಟರಿಗಳು, ಒಂದು ಬೀಗ ಶಾಲೆಯ ಪಾಲಿಗೆ ಉಳಿದವು.

ಇದೇ ಅವಧಿಯಲ್ಲಿ ನೆರೆಯ ಕೇರಳ ಬೇರೆ ನಿರ್ಧಾರ ಮಾಡಿತು. 2001ರಲ್ಲಿ ಆರಂಭವಾದ ಅಲ್ಲಿನ ‘ಐಟಿ@ಸ್ಕೂಲ್’ ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು. ಯಾರು ಬೇಕಾದರೂ ಬಳಸಬಹುದಾದ, ಬದಲಿಸಬಹುದಾದ, ಹಂಚಬಹುದಾದ ‘ಮುಕ್ತ ತಂತ್ರಾಂಶ’ವನ್ನು ಆಯ್ದುಕೊಂಡಿತು. ಮುಕ್ತ ತಂತ್ರಾಂಶದ ಲಾಭವನ್ನು ಸಾಮಾನ್ಯವಾಗಿ ಪರವಾನಗಿ ಶುಲ್ಕದ ಉಳಿತಾಯದಲ್ಲಿ ಅಳೆಯಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಶಿಕ್ಷಕರೊಬ್ಬರು ಕಲಿತದ್ದನ್ನು ಮನೆಯ ಯಂತ್ರದಲ್ಲೂ, ವರ್ಗಾವಣೆಯಾಗಿ ಹೋದ ಶಾಲೆಯಲ್ಲೂ ಯಾರ ಅಪ್ಪಣೆಯಿಲ್ಲದೆ ಬಳಸಬಹುದೆಂಬುದು. 2018ರಲ್ಲಿ ಕೇರಳ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಒದಗಿಸಲು ಹೊರಟಾಗ, ಅದರ ಹಿಂದೆ ಹದಿನೇಳು ವರ್ಷಗಳ ಶಿಕ್ಷಕ ತಯಾರಿ ಇತ್ತು. ಕರ್ನಾಟಕದಲ್ಲಿ ಕ್ರಮ ತಿರುವುಮುರುವಾಗಿತ್ತು.

ಬಾನುಲಿ ಪಾಠಗಳಾದ ‘ಕೇಳಿ-ಕಲಿ’ ಮತ್ತು ‘ಚಿನ್ನರ ಚುಕ್ಕಿ’, 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಉಪಗ್ರಹ ಮತ್ತು ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಲುಪಿದ ಟಿ.ವಿ. ಪಾಠಗಳು ಇದೇ ಕಥೆಯ ಬೇರೆ ಬೇರೆ ಅಧ್ಯಾಯಗಳು. ಅವುಗಳಲ್ಲಿ ಬಾನುಲಿಯ ವಿನ್ಯಾಸ ಒಂದು ಕಾರಣಕ್ಕೆ ಗಮನಾರ್ಹ: ರೇಡಿಯೋದ ದನಿ ನಡುನಡುವೆ ನಿಂತು, ಶಿಕ್ಷಕರು ಮತ್ತು ಮಕ್ಕಳು ಏನಾದರೂ ಮಾಡಲು ಸಮಯ ಬಿಡುತ್ತಿತ್ತು. ಮೌನವನ್ನೂ ಪಾಠದ ಭಾಗವನ್ನಾಗಿಸಿದ ಆ ಜಾಣ್ಮೆ ಇಂದಿನ ಬಹುಪಾಲು ವಿಡಿಯೋ ಪಾಠಗಳಲ್ಲಿ ಕಾಣುವುದಿಲ್ಲ.

ಶಿಕ್ಷಕರಿಗೆ ಬೇಕಾದ ತಿಳಿವಳಿಕೆ ಯಾವ ಬಗೆಯದೆಂಬುದನ್ನು ಒಂದೇ ಪಾಠದ ಮೂಲಕ ಪರಿಶೀಲಿಸಬಹುದು. ಪ್ರೌಢಶಾಲೆಯ ಗಣಿತದಲ್ಲಿ ಅರ್ಧವೃತ್ತದಲ್ಲಿನ ಕೋನ ಲಂಬಕೋನವೆಂಬ ಪ್ರಮೇಯವಿದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರೂಪಿಸಲು ಆರಂಭಿಸಿದ ಜಿಯೋಜಿಬ್ರಾ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ವೃತ್ತವನ್ನೂ ಅದರ ವ್ಯಾಸವನ್ನೂ ಎಳೆದು, ಕಂಸದ ಮೇಲೊಂದು ಬಿಂದುವನ್ನಿಟ್ಟು, ಅಲ್ಲಿಂದ ವ್ಯಾಸದ ಎರಡು ತುದಿಗಳಿಗೆ ಗೆರೆ ಸೇರಿಸಿ ಕೋನವನ್ನು ಅಳೆಯಬಹುದು. ಬಿಂದುವನ್ನು ಕಂಸದುದ್ದಕ್ಕೂ ಎಳೆದಾಡಿದರೂ ಪರದೆಯ ಮೇಲೆ 90 ಡಿಗ್ರಿ ಎಂಬ ಅಂಕಿ ಕದಲುವುದಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಮೂರು ಚಿತ್ರ ಬರೆದು ತೋರಿಸುವುದಕ್ಕಿಂತ ಇದು ಖಂಡಿತ ಹೆಚ್ಚು ಪ್ರಭಾವಶಾಲಿ. ಸಾಮಾನ್ಯ ತರಬೇತಿಗಳು ಇಲ್ಲಿಗೆ ನಿಲ್ಲುತ್ತವೆ, ಅಂದರೆ ಯಾವ ಗುಂಡಿ ಒತ್ತಿದರೆ ಏನು ಬರುತ್ತದೆಂಬ ತಿಳಿವಳಿಕೆಗೆ.

ಪಾಠ ನಿಜವಾಗಿ ಮೊದಲಾಗುವುದು ಆಮೇಲೆ. ಮೊದಲು ಬಂದದ್ದು ಮಗುವಿನ ನಂಬಿಕೆ, ಸಾಧನೆಯಲ್ಲ. ನೂರು ಸಲ ನೋಡಿದ್ದರಿಂದ ಪ್ರಮೇಯ ಸಿದ್ಧವಾಗುವುದಿಲ್ಲ ಎಂಬುದನ್ನು ಗಣಿತ ಬಲ್ಲ ಶಿಕ್ಷಕರು ಮಾತ್ರ ಆ ಹೊತ್ತಿನಲ್ಲಿ ಎತ್ತಬಲ್ಲರು. ವ್ಯಾಸದ ಬದಲು ಬೇರೊಂದು ಜ್ಯಾ ಎಳೆದರೆ ಏನಾಗುತ್ತದೆಂದು ಅವರು ಕೇಳಿದರೆ, ಕೋನ ಆಗಲೂ ಬದಲಾಗದೆ ನಿಲ್ಲುವುದನ್ನೂ, ಆದರೆ ಅದು 90 ಆಗಿಲ್ಲದಿರುವುದನ್ನೂ ಮಕ್ಕಳು ಕಾಣುತ್ತಾರೆ. ಒಂದೇ ವೃತ್ತಖಂಡದ ಕೋನಗಳು ಸಮವೆಂಬ ಮುಂದಿನ ಪ್ರಮೇಯ ಆ ಪ್ರಶ್ನೆಯಿಂದಲೇ ಹೊರಡುತ್ತದೆ. ಬಿಂದು ಜ್ಯಾದ ಆಚೆ ಬದಿಗೆ ದಾಟಿದೊಡನೆ ಅಂಕಿ ಜಿಗಿದು, ಹಳೆಯದೂ ಹೊಸದೂ ಕೂಡಿ 180 ಆಗುವುದನ್ನು ಗಮನಿಸಿದ ಮಗು ಚಕ್ರೀಯ ಚತುರ್ಭುಜದ ಬಾಗಿಲಿಗೆ ಬಂದಿರುತ್ತದೆ. ಅನಂತರ ಪರದೆಯನ್ನು ಆರಿಸಬೇಕು. ಕೇಂದ್ರದಿಂದ ಆ ಬಿಂದುವಿಗೆ ತ್ರಿಜ್ಯ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜಗಳು ಮೂಡುತ್ತವೆ, ಅವುಗಳ ಪಾದಕೋನಗಳು ಸಮ, ಆದ್ದರಿಂದ ದೊಡ್ಡ ತ್ರಿಭುಜದ 180ರಲ್ಲಿ ಸರಿಯರ್ಧ ಕಂಸದ ಮೇಲಿನ ಕೋನದ ಪಾಲಿಗೆ ಬರುತ್ತದೆ ಎಂಬ ವಾದವನ್ನು ಸೀಮೆಸುಣ್ಣದಲ್ಲಿ, ನಿಧಾನವಾಗಿ, ಮಕ್ಕಳ ಬಾಯಿಂದಲೇ ಹೊರಡಿಸಿ ಬರೆಯುವುದೇ ಮೇಲು.

ಇನ್ನೊಂದು ಸಣ್ಣ ವಿವರ ಶಿಕ್ಷಕರನ್ನು ನಿಜಕ್ಕೂ ಪರೀಕ್ಷಿಸುತ್ತದೆ. ತ್ರಿಭುಜದ ಮೂರು ಕೋನಗಳನ್ನು ತಂತ್ರಾಂಶ ಎರಡು ದಶಮಾಂಶ ಸ್ಥಾನಕ್ಕೆ ಅಂದಾಜಿಸಿ ತೋರಿಸುವುದರಿಂದ, ಪರದೆಯ ಮೇಲಿನ ಅಂಕಿಗಳನ್ನು ಮಗು ಕೂಡಿಸಿದರೆ ಕೆಲವೊಮ್ಮೆ 179.99 ಅಥವಾ 180.01 ಬರುತ್ತದೆ. ‘ಸರ್, ಒಂದು ಪಾಯಿಂಟ್ ಎಲ್ಲಿ ಹೋಯ್ತು?’ ಎಂಬ ಪ್ರಶ್ನೆಗೆ ‘ಕಂಪ್ಯೂಟರ್ ತಪ್ಪು’ ಎಂದು ಉತ್ತರಿಸುವ ಶಿಕ್ಷಕರಿಗೂ, ಅಳತೆಗೂ ಸಾಧನೆಗೂ ಇರುವ ಅಂತರವನ್ನು ಆ ಒಂದು ಪಾಯಿಂಟಿನಿಂದಲೇ ವಿವರಿಸುವ ಶಿಕ್ಷಕರಿಗೂ ನಡುವಿನ ವ್ಯತ್ಯಾಸವೇ ತರಬೇತಿಯ ಗುರಿಯಾಗಬೇಕಾದದ್ದು.

ಈ ಬಗೆಯ ತಿಳಿವಳಿಕೆಗೆ ಶಿಕ್ಷಣಶಾಸ್ತ್ರದಲ್ಲಿ ಹೆಸರಿದೆ. ಅಮೆರಿಕದ ಲೀ ಶುಲ್ಮನ್ 1986ರಲ್ಲಿ, ವಿಷಯ ಬಲ್ಲವರ ಜ್ಞಾನ ಮತ್ತು ಕಲಿಸುವ ಸಾಮಾನ್ಯ ಕೌಶಲ ಇವೆರಡೂ ಸೇರಿದರೂ ಸಾಲದೆಂದು ವಾದಿಸಿ, ಒಂದು ವಿಷಯವನ್ನು ಕಲಿಸುವುದಕ್ಕೇ ವಿಶಿಷ್ಟವಾದ ಜ್ಞಾನ, ಅಂದರೆ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಅವರನ್ನು ದಾಟಿಸುತ್ತದೆ ಎಂಬ ಅರಿವು ಬೇರೆಯೇ ಇದೆಯೆಂದರು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಇದಕ್ಕೆ ತಂತ್ರಜ್ಞಾನವನ್ನು ಮೂರನೆಯದಾಗಿ ಸೇರಿಸಿ ಮುಂದೆ ‘ಟಿಪ್ಯಾಕ್’ ಎಂದು ಹೆಸರಾದ ಚೌಕಟ್ಟನ್ನು ರೂಪಿಸಿದರು. ಅವರ ಮುಖ್ಯ ಮಾತು, ಈ ಮೂರನ್ನೂ ಬೇರೆ ಬೇರೆಯಾಗಿ ಕಲಿಸಿ ಶಿಕ್ಷಕರೇ ಬೆಸೆದುಕೊಳ್ಳಲಿ ಎಂದು ಬಿಡಲಾಗದು ಎಂಬುದು. ಹಾಗಿದ್ದೂ ನಮ್ಮ ತರಬೇತಿಗಳು ಗಣಿತ, ವಿಜ್ಞಾನ, ಕನ್ನಡ, ದೈಹಿಕ ಶಿಕ್ಷಣದ ಶಿಕ್ಷಕರನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ, ಕಡತ ತೆರೆಯುವುದನ್ನೂ ಸ್ಲೈಡ್ ಜೋಡಿಸುವುದನ್ನೂ ಕಲಿಸುವುದರಲ್ಲೇ ಬಹುದಿನ ಕಳೆದಿವೆ.

ವಿಜ್ಞಾನದಲ್ಲಿ ಈ ವಿವೇಚನೆಯ ಅಗತ್ಯ ಇನ್ನೂ ಹೆಚ್ಚು. ಕೊಲರಾಡೋ ವಿಶ್ವವಿದ್ಯಾಲಯದ ‘ಫೆಟ್’ ಎಂಬ ಉಚಿತ ಅನುಕರಣ ಪಾಠಗಳಲ್ಲಿ ವಿದ್ಯುತ್ ಮಂಡಲ ಜೋಡಿಸಿದೊಡನೆ ಬಲ್ಬು ಉರಿಯುತ್ತದೆ. ಸಡಿಲ ತಂತಿ, ತುಕ್ಕು ಹಿಡಿದ ಹಿಡಿಕೆ, ಖಾಲಿಯಾದ ಶೆಲ್ಲು ಅಲ್ಲಿ ತಾವಾಗಿ ಎದುರಾಗುವುದಿಲ್ಲ. ಎಲೆಕ್ಟ್ರಾನುಗಳು ಸಣ್ಣ ಗುಂಡುಗಳಾಗಿ ಹರಿಯುವಂತೆ ಕಾಣುವುದು, ಕಾಣದ್ದನ್ನು ಕಲ್ಪಿಸಿಕೊಳ್ಳಲು ನೆರವಾಗುವಷ್ಟೇ, ಅವು ನಿಜಕ್ಕೂ ಗುಂಡುಗಳೆಂಬ ತಪ್ಪು ಕಲ್ಪನೆಗೂ ದಾರಿಯಾಗುತ್ತದೆ. ಬಲ್ಬು, ಶೆಲ್ಲು, ತಂತಿ ಮಗುವಿನ ಕೈಗೆ ಮೊದಲು ಸಿಕ್ಕು, ಅನುಕರಣ ಆಮೇಲೆ ಬಂದರೆ ಎರಡೂ ಸಾರ್ಥಕ.

ಉಪಕರಣದ ಫಲ ಶಿಕ್ಷಕರ ಸ್ಥಾನವನ್ನು ಅವಲಂಬಿಸಿದೆ ಎಂಬ ತೀರ್ಮಾನವನ್ನು ಸಂಶೋಧನೆಗಳೂ ಬೆಂಬಲಿಸುತ್ತವೆ. ಗುಜರಾತಿನ ಜ್ಞಾನಶಾಲಾ ತರಗತಿಗಳಲ್ಲಿ ಲೀ ಲಿಂಡನ್ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಗಣಿತ ತಂತ್ರಾಂಶವನ್ನು ಎರಡು ರೀತಿಯಲ್ಲಿ ಬಳಸಲಾಯಿತು: ಶಾಲಾ ಅವಧಿಯಲ್ಲಿ ಶಿಕ್ಷಕರ ಪಾಠದ ಬದಲಿಗೆ ಇಟ್ಟಲ್ಲಿ ಮಕ್ಕಳ ಕಲಿಕೆ ಗಣನೀಯವಾಗಿ ಕುಸಿಯಿತು, ಶಾಲೆಯ ಹೊತ್ತಿನಾಚೆ ಪೂರಕವಾಗಿ ಇಟ್ಟಲ್ಲಿ ಏರಿತು. ತಂತ್ರಾಂಶ ಅದೇ, ಮಕ್ಕಳೂ ಅಂಥವರೇ. ಬದಲಾದದ್ದು ಶಿಕ್ಷಕರ ಸ್ಥಾನ. ದಕ್ಷಿಣ ಅಮೆರಿಕದ ಪೆರು ದೇಶ ಮಕ್ಕಳಿಗೆ ತಲಾ ಒಂದರಂತೆ ಎಂಟು ಲಕ್ಷಕ್ಕೂ ಹೆಚ್ಚು ಅಗ್ಗದ ಲ್ಯಾಪ್‌ಟಾಪ್‌ಗಳನ್ನು ಹಂಚಿತು. 2012ರಲ್ಲಿ ಬಂದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿಯ ಸುಳಿವು ಸಿಗಲಿಲ್ಲ. ಇದಕ್ಕೆ ಎದುರಾಗಿ, ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ತಂತ್ರಾಂಶವನ್ನು ಶಾಲೆಯ ನಂತರದ ಕೇಂದ್ರಗಳಲ್ಲಿ ಬಳಸಿದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲೇ ಗಣಿತ ಮತ್ತು ಹಿಂದಿಯಲ್ಲಿ ಎದ್ದುಕಾಣುವಷ್ಟು ಮುಂದೆ ಸಾಗಿದರು. ಆದ್ದರಿಂದ ತಂತ್ರಜ್ಞಾನದಿಂದ ಏನೂ ಆಗದೆಂಬ ಸಿನಿಕತೆಗೂ ಆಧಾರವಿಲ್ಲ. ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ಸ್ಥಾಪಿಸಿ, ಹಲವು ಭಾರತೀಯ ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಹೊರತಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ತನ್ನ ಅನುಭವದಿಂದ ಅದರ ಮಿತಿಗಳನ್ನು ಬಹಿರಂಗವಾಗಿ ಹೇಳಿ, ಶಿಕ್ಷಕರ ಶಿಕ್ಷಣದ ಕಡೆಗೆ ಒತ್ತನ್ನು ಬದಲಿಸಿಕೊಂಡಿತು. ಹಣ ಹೂಡಿದ ಸಂಸ್ಥೆಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ತರಬೇತಿಯ ರೂಪಕ್ಕೆ ಬಂದರೆ, ರಾಜ್ಯದಲ್ಲಿ ಬಹುಕಾಲದಿಂದ ನಡೆದಿರುವುದು ‘ಕ್ಯಾಸ್ಕೇಡ್’ ಪದ್ಧತಿ. ರಾಜ್ಯಮಟ್ಟದಲ್ಲಿ ಕೆಲವರಿಗೆ, ಅವರಿಂದ ಡಯಟ್ ಎಂಬ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಹಲವರಿಗೆ, ಅವರಿಂದ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಎಲ್ಲರಿಗೂ ತಲುಪುವ ಈ ಕ್ರಮದಲ್ಲಿ ಪ್ರತಿ ಮೆಟ್ಟಿಲಿಗೂ ದಿನಗಳು ಕಡಿಮೆಯಾಗುತ್ತವೆ, ಕೈಗೆ ಸಿಗುವ ಯಂತ್ರಗಳೂ ಕಡಿಮೆಯಾಗುತ್ತವೆ. ಕಡೆಗೆ ಹತ್ತು ಜನರ ನಡುವೆ ಒಂದು ಕಂಪ್ಯೂಟರ್, ಅದರ ಮೌಸ್ ಒಬ್ಬರ ಕೈಯಲ್ಲಿ. ಇದಕ್ಕೆ ಭಿನ್ನವಾಗಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ 2011ರ ಹೊತ್ತಿಗೆ ಕಟ್ಟಿದ ‘ವಿಷಯ ಶಿಕ್ಷಕರ ವೇದಿಕೆ’ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರನ್ನು ವಿಷಯವಾರು ಒಟ್ಟುಗೂಡಿಸಿ, ಮುಕ್ತ ತಂತ್ರಾಂಶವನ್ನು ಕಲಿಸಿ, ತರಬೇತಿ ಮುಗಿದ ಮೇಲೂ ಮಿಂಚಂಚೆಯ ಮೂಲಕ ಅವರು ತಮ್ಮತಮ್ಮಲ್ಲಿ ಪ್ರಶ್ನೆ ಕೇಳಿಕೊಳ್ಳುವ ವ್ಯವಸ್ಥೆ ಮಾಡಿತು. ಅದರಿಂದ ಹುಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಬರೆದ, ತಿದ್ದಿದ ಕನ್ನಡ ಪಾಠಗಳು ಬೆಳೆದವು. ಎಲ್ಲ ಬರಹವೂ ಒಂದೇ ಮಟ್ಟದ್ದಲ್ಲ. ಆದರೆ ಇಲಾಖೆಯ ಆದೇಶಕ್ಕೆ ಕಾಯದೆ ಒಬ್ಬ ಶಿಕ್ಷಕಿ ತನ್ನ ಸಂದೇಹವನ್ನು ರಾಜ್ಯದ ಇನ್ನೊಂದು ಮೂಲೆಯ ಶಿಕ್ಷಕರ ಮುಂದಿಡಬಹುದೆಂಬ ಅಭ್ಯಾಸ ಬಿದ್ದದ್ದು ಸಣ್ಣ ಸಂಗತಿಯಲ್ಲ. ಮುಂದೆ ಬಂದ ‘ಟಾಲ್ಪ್’ ಎಂಬ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದ ತರಬೇತಿಗಳು ಈ ಅನುಭವದಿಂದ ಲಾಭ ಪಡೆದವು.

2017ರ ಸೆಪ್ಟೆಂಬರ್ 5ರಂದು ಉದ್ಘಾಟನೆಯಾದ ‘ದೀಕ್ಷಾ’ ವೇದಿಕೆ ಮತ್ತು ಪಠ್ಯಪುಸ್ತಕದ ಪುಟಗಳಲ್ಲಿ ಅಚ್ಚಾದ ಕ್ಯೂಆರ್ ಸಂಕೇತಗಳು ವ್ಯಾಪ್ತಿಯ ಪ್ರಶ್ನೆಯನ್ನು ಬಹುಮಟ್ಟಿಗೆ ಬಗೆಹರಿಸಿದವು. 2019ರಲ್ಲಿ ಮೊದಲಾಗಿ ಮರುವರ್ಷ ಅಂತರಜಾಲಕ್ಕೆ ಬಂದ ‘ನಿಷ್ಠಾ’ ತರಬೇತಿ ಲಕ್ಷಾಂತರ ಶಿಕ್ಷಕರನ್ನು ಮುಟ್ಟಿತು, ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸವನ್ನು ನಿರೀಕ್ಷಿಸುತ್ತದೆ. ಆದರೆ ಗಂಟೆಯೂ ಪ್ರಮಾಣಪತ್ರವೂ ಅಳತೆಗೋಲಾದಲ್ಲಿ, ಅಡುಗೆಮನೆಯಲ್ಲಿ ವಿಡಿಯೋ ತಾನಾಗಿ ಓಡುತ್ತಿರುತ್ತದೆ, ಪ್ರಶ್ನೆಗಳ ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ ಎಂಬ ಮಾತು ಶಿಕ್ಷಕರ ವಲಯದಲ್ಲೇ ಚಾಲ್ತಿಯಲ್ಲಿದೆ. ಇದಕ್ಕೆ ಶಿಕ್ಷಕರ ಸೋಮಾರಿತನವನ್ನು ಕಾರಣವಾಗಿಸುವುದು ಸುಲಭ ಮತ್ತು ತಪ್ಪು. ನಾಳೆ ಬೆಳಗಿನ ಪಾಠಕ್ಕೆ ಸಂಬಂಧವಿಲ್ಲದ ತರಬೇತಿಯನ್ನು ಯಾವ ವೃತ್ತಿಯವರೂ ಹೀಗೆಯೇ ಮುಗಿಸುತ್ತಾರೆ.

ಕನ್ನಡ ಶಾಲೆಗಳಲ್ಲಿ ಕರ್ತೃತ್ವದ ಪ್ರಶ್ನೆ ಅಕ್ಷರದ ಮಟ್ಟದಲ್ಲೇ ಎದುರಾಗುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡವನ್ನು ಗಣಕಕ್ಕೆ ತಂದವು. ಆದರೆ ಹಳೆಯ ನುಡಿಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರಿಂದ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಬರಹ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಾದರೆ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ. ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಆದರೂ ಪ್ರಶ್ನೆಪತ್ರಿಕೆಗಳು, ಕ್ರಿಯಾಯೋಜನೆಗಳು, ಅಭ್ಯಾಸದ ಹಾಳೆಗಳು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿಯಲ್ಲಿ ಬೆರಳಚ್ಚಾಗಿ, ಪಿಡಿಎಫ್ ಆಗಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಾಗುವುದು ನಿಂತಿಲ್ಲ. ಪಿಡಿಎಫ್ ಮುದ್ರಿಸಬಹುದು, ತಿದ್ದುವುದು ಕಷ್ಟ. ಬೀದರಿನಲ್ಲಿ ಬರೆದ ಅಭ್ಯಾಸದ ಹಾಳೆಯಲ್ಲಿ ತೊಗರಿಯ ಲೆಕ್ಕವಿದ್ದರೆ, ಉಡುಪಿಯ ಶಿಕ್ಷಕಿ ಅದನ್ನು ಮೀನಿನ ಲೆಕ್ಕವಾಗಿ ಬದಲಿಸಿಕೊಳ್ಳಲು ಇಡೀ ಹಾಳೆಯನ್ನು ಮತ್ತೆ ಬೆರಳಚ್ಚು ಮಾಡಬೇಕು. ಶಿಕ್ಷಕರಿಗೆ ಯೂನಿಕೋಡ್ ಕನ್ನಡದ ಬೆರಳಚ್ಚನ್ನು ಗಟ್ಟಿಯಾಗಿ ಕಲಿಸುವುದು ಯಾವ ಸ್ಮಾರ್ಟ್ ಬೋರ್ಡಿಗಿಂತಲೂ ಅಗ್ಗದ, ಹೆಚ್ಚು ಫಲ ಕೊಡುವ ತರಬೇತಿ.

ಉಪಕರಣಗಳ ಲೆಕ್ಕವನ್ನೂ ಕಡೆಗಣಿಸುವಂತಿಲ್ಲ. ಕೇಂದ್ರದ ಯುಡೈಸ್ ಪ್ಲಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ ಶೇಕಡ 57.2ರಷ್ಟು ಶಾಲೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು, ಶೇಕಡ 53.9ರಷ್ಟು ಶಾಲೆಗಳಲ್ಲಿ ಮಾತ್ರ ಅಂತರಜಾಲವಿತ್ತು. ವಿದ್ಯುತ್ ಬಿಲ್ಲಿನ ಚಿಂತೆಯಿಂದ ಪ್ರೊಜೆಕ್ಟರ್ ಹಚ್ಚಲು ಹಿಂಜರಿಯುವ ಪರಿಸ್ಥಿತಿಗೆ, ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿದ 2024ರ ರಾಜ್ಯ ಸರ್ಕಾರದ ತೀರ್ಮಾನ ಒಂದು ಉತ್ತರ. ಆದರೆ ಇರುವ ಯಂತ್ರ ಯಾವುದಕ್ಕೆ ಹೆಚ್ಚು ಬಳಕೆಯಾಗುತ್ತಿದೆ ಎಂದು ಕೇಳಿದರೆ, ಅನೇಕ ಶಾಲೆಗಳಲ್ಲಿ ಉತ್ತರ ‘ಸ್ಯಾಟ್ಸ್ ಎಂಟ್ರಿ’ ಎಂದಿರುತ್ತದೆ: ಮಕ್ಕಳ ದಾಖಲಾತಿ, ಹಾಜರಾತಿ, ಅಂಕ, ಬಿಸಿಯೂಟದ ಲೆಕ್ಕ. ತಂತ್ರಜ್ಞಾನದ ಮೊದಲ ಅನುಭವವೇ ಕಚೇರಿಗೆ ಮಾಹಿತಿ ತುಂಬುವ ಕೆಲಸವಾಗಿರುವಾಗ, ಅದರ ಬಗ್ಗೆ ಶಿಕ್ಷಕರಿಗೆ ಉತ್ಸಾಹ ಮೂಡಲಿಲ್ಲವೆಂದು ಅಚ್ಚರಿಪಡುವುದರಲ್ಲಿ ಅರ್ಥವಿಲ್ಲ.

ಕೊರೊನಾ ಕಾಲದಲ್ಲಿ ಎರಡು ಮಾದರಿಗಳು ಒಂದೇ ವರ್ಷದಲ್ಲಿ ಅಕ್ಕಪಕ್ಕ ನಿಂತವು. 2020ರ ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ದಡಿ ಶಿಕ್ಷಕರು ಮಕ್ಕಳಿದ್ದಲ್ಲಿಗೆ, ಗುಡಿಯ ಜಗಲಿಗೆ, ಮರದ ನೆರಳಿಗೆ ಹೋದರು. ವಿದ್ಯಾಗಮದ ವಿನ್ಯಾಸದಲ್ಲಿ ಒಂದು ಎಚ್ಚರವಿತ್ತು: ಮೊಬೈಲ್ ಇಲ್ಲದ ಮನೆಗಳು, ಸಾದಾ ಮೊಬೈಲ್ ಇರುವ ಮನೆಗಳು, ಅಂತರಜಾಲದ ಮೊಬೈಲ್ ಇರುವ ಮನೆಗಳು ಎಂದು ಮಕ್ಕಳನ್ನು ಗುರುತಿಸಿ, ಯಾರಿಗೆ ಯಾವುದು ತಲುಪುತ್ತದೋ ಅದರಿಂದ ಕಲಿಸುವ ಹೊಣೆಯನ್ನು ಶಿಕ್ಷಕರಿಗೇ ಬಿಡಲಾಗಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಂದಿನಿಂದ ಫೋನಿನ ಕೊರತೆ ಬಹಳ ತಗ್ಗಿದೆ. 2024ರ ಅಸರ್ ವರದಿಯಲ್ಲಿ, ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡ 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಅದನ್ನು ಕಲಿಕೆಗೆ ಬಳಸಿದವರಿಗಿಂತ ಸಾಮಾಜಿಕ ಜಾಲತಾಣಕ್ಕೆ ಬಳಸಿದವರ ಪ್ರಮಾಣ ಹೆಚ್ಚು.

ಕೃತಕ ಬುದ್ಧಿಮತ್ತೆಯ ಪ್ರವೇಶದಿಂದ ಈ ಚರ್ಚೆಗೆ ಹೊಸ ತುರ್ತು ಬಂದಿದೆ. ಪಾಠಯೋಜನೆಯನ್ನು ಕ್ಷಣದಲ್ಲಿ ಬರೆದುಕೊಡುವ ‘ಶಿಕ್ಷಾ ಕೋಪೈಲಟ್’ ಎಂಬ ಪ್ರಯೋಗ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ನಡೆದಿದೆ. ಪಾಠಯೋಜನೆ ಎಂಬುದು ತಪಾಸಣೆಗೆ ಬರುವ ಅಧಿಕಾರಿಯ ಸಹಿಗಾಗಿ ತುಂಬುವ ಪುಸ್ತಕವಾಗಿಯೇ ಉಳಿದರೆ, ಯಂತ್ರ ಬರೆದುಕೊಟ್ಟದ್ದನ್ನು ಅಧಿಕಾರಿ ನೋಡುತ್ತಾರೆ, ಅಷ್ಟೇ. ಯಂತ್ರ ಕೊಟ್ಟ ಕರಡನ್ನು ಮುಂದಿಟ್ಟುಕೊಂಡು, ಇದರಲ್ಲಿ ತನ್ನ ಶಾಲೆಯ ಮಕ್ಕಳಿಗೆ ಹೊಂದದ್ದು ಯಾವುದು, ತಪ್ಪು ಯಾವುದು, ಕನ್ನಡವೆನಿಸದ ವಾಕ್ಯ ಯಾವುದು ಎಂದು ಗುರುತು ಹಾಕುವ ಶಿಕ್ಷಕರಿಗೆ ಅದೇ ಸಾಧನ ಸಮಯ ಉಳಿಸಿಕೊಡುತ್ತದೆ. ಗುರುತು ಹಾಕುವ ಆ ಶಕ್ತಿಯನ್ನು ಬಿ.ಇಡಿ. ಮತ್ತು ಡಿ.ಇಡಿ. ಹಂತದಲ್ಲೇ, ಶಾಲಾನುಭವದ ವಾರಗಳಲ್ಲೇ ಬೆಳೆಸಬೇಕು; ಸೇವೆಗೆ ಸೇರಿದ ಮೇಲಿನ ಹತ್ತು ದಿನಗಳ ತರಬೇತಿಯಿಂದ ಅದು ಬಾರದು.

ಸೇವೆಯಲ್ಲಿರುವವರಿಗೆ ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ, ಪ್ರೌಢಶಾಲೆಯವರಿಗೆ ತಾಲ್ಲೂಕು ಮಟ್ಟದ ವಿಷಯವಾರು ಸಭೆ ಈಗಾಗಲೇ ಇವೆ. ಸಭೆಗೆ ಹೋದ ದಿನವನ್ನು ಕರ್ತವ್ಯವೆಂದೇ ಪರಿಗಣಿಸುವ ಓಓಡಿ ಸೌಲಭ್ಯವೂ ಇದೆ. ಆ ಸಭೆಗಳ ಬಹುಪಾಲು ಹೊತ್ತು ಸುತ್ತೋಲೆ ಓದುವುದಕ್ಕೂ ಅಂಕಿಅಂಶ ಕೇಳುವುದಕ್ಕೂ ಹೋಗುತ್ತಿರುವಾಗ, ಅರ್ಧ ದಿನವನ್ನಾದರೂ ಒಂದೇ ಪಾಠಕ್ಕೆ ಮೀಸಲಿಡಬಹುದು. ಜಪಾನಿನ ಶಾಲೆಗಳಲ್ಲಿ ರೂಢಿಯಲ್ಲಿರುವ ಪಾಠ-ಅಧ್ಯಯನದ ಕ್ರಮದಲ್ಲಿ, ಕೆಲವು ಶಿಕ್ಷಕರು ಕೂಡಿ ಒಂದು ಪಾಠವನ್ನು ಯೋಜಿಸಿ, ಅವರಲ್ಲೊಬ್ಬರು ನಿಜವಾದ ಮಕ್ಕಳಿಗೆ ಅದನ್ನು ಮಾಡಿ, ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಎಲ್ಲರೂ ಕೂತು ತಿದ್ದುತ್ತಾರೆ. ಇಲ್ಲಿ ಸಿಆರ್‌ಪಿ ಎಂಬ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಮಾಹಿತಿ ಸಂಗ್ರಾಹಕರಾಗುವ ಬದಲು ಆ ಚರ್ಚೆಯನ್ನು ನಡೆಸುವವರಾಗಬೇಕು. ಸಭೆ ನಡೆಯುವ ಶಾಲೆಯ ಪ್ರೊಜೆಕ್ಟರನ್ನೋ ಶಿಕ್ಷಕರೊಬ್ಬರ ಫೋನನ್ನೋ ಬಳಸಬೇಕೇ ಬೇಡವೇ ಎಂಬ ನಿರ್ಧಾರ ಆ ಪಾಠವನ್ನು ಯೋಜಿಸಿದವರದೇ ಆಗಬೇಕು. ತಿದ್ದಿದ ಪಾಠ ಪಿಡಿಎಫ್ ಆಗದೆ, ಮುಂದಿನ ಕ್ಲಸ್ಟರ್‌ನವರು ಮತ್ತೆ ತಿದ್ದಬಹುದಾದ ಯೂನಿಕೋಡ್ ಕಡತವಾಗಿ ಉಳಿಯಬೇಕು. ಇದಕ್ಕೆ ಬೇಕಾಗಿರುವುದು ಟೆಂಡರ್ ಅಲ್ಲ, ಸಭೆಯ ಕಾರ್ಯಸೂಚಿಯನ್ನು ಬದಲಿಸುವ ಇಲಾಖೆಯ ಒಂದು ಸುತ್ತೋಲೆ.